ಜೇನು ಎದ್ದಾಗ ಬಾಗಿಲು ತೆರೆದಿರಲಿ

ಪಗ್, ಪೊಮೆರೇನಿಯನ್, ಡ್ಯಾಶ್‌ಹಂಡ್, ಶಿಟ್ಸು ಇಂಥ ಪುಟ್ಟ ತಳಿಗಳ ಮೂಗು ನೆಲದಿಂದ ಹೆಚ್ಚೆಂದರೆ ಒಂದು ಗೇಣು ಮೇಲಿರುತ್ತದೆ. ನಮ್ಮ ಅಂಗಳದಲ್ಲಿ ಕುಟುಕುವ ಹುಳುಗಳ ಓಡಾಟವೂ ಬಹುಪಾಲು ಅದೇ ಎತ್ತರದಲ್ಲಿ. ತುಂಬೆ ಹೂವಿನ ಮೇಲೆ, ಮುಟ್ಟಿದರೆ ಮುನಿಯ ಗುಲಾಬಿ ಚೆಂಡಿನ ಮೇಲೆ, ನಲ್ಲಿ ಬುಡದ ಹಸಿಮಣ್ಣಿನಲ್ಲಿ, ಉದುರಿ ಕೊಳೆತ ಪೇರಲೆ ಹಣ್ಣಿನಲ್ಲಿ. ನಿಂತ ಮನುಷ್ಯನ ಕಣ್ಣಿಗೆ ಬೀಳದ ಜೇನ್ನೊಣ ಈ ನಾಯಿಗಳ ಮುಖಕ್ಕೆ ಎದುರಾಗಿಯೇ ಕೂತಿರುತ್ತದೆ. ಕಂಡದ್ದನ್ನು ಮೂಸುವುದು, ಹಾರಿದ್ದನ್ನು ಬಾಯಿ ಹಾಕಿ ಹಿಡಿಯುವುದು ನಾಯಿಯ ಸ್ವಭಾವ. ಹಾಗಾಗಿ ನನ್ನ ಮೇಜಿನ ಮೇಲೆ ಬರುವ ನಾಯಿಗಳಿಗೆ ಪೆಟ್ಟು ಬಿದ್ದಿರುವುದು ಹೆಚ್ಚಾಗಿ ಮೂತಿಗೆ, ತುಟಿಗೆ, ಮುಂಗಾಲಿನ ಬೆರಳ ಸಂದಿಗೆ.

ನಾನು ಸಾಗರದಲ್ಲಿ ಪಶುವೈದ್ಯೆ. ಕೆಲಸಕ್ಕೆ ಸೇರಿದ ಕಾಲಕ್ಕೆ ಹಸು, ಎಮ್ಮೆ, ಹೋರಿಗಳದ್ದೇ ಕೆಲಸ. ಈಗ ಸುತ್ತಲಿನ ಅಡಿಕೆ ತೋಟದ ಮನೆಗಳಲ್ಲೂ ಪುಟ್ಟ ನಾಯಿಗಳು ತುಂಬಿವೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ನೋಡಿಕೊಳ್ಳಲಾಗದೆ ಮಕ್ಕಳು ಊರಿಗೆ ತಂದು ಬಿಟ್ಟವು ಎಷ್ಟೋ. ತೋಟದಲ್ಲೇ ಹುಟ್ಟಿ ಬೆಳೆದ ಊರುನಾಯಿ ಯಾವ ಬಿಲಕ್ಕೆ ಮೂಗು ತೂರಿಸಬಾರದು ಎನ್ನುವುದನ್ನು ಮರಿಯಿದ್ದಾಗಲೇ ಪೆಟ್ಟು ತಿಂದು ಕಲಿತಿರುತ್ತದೆ. ಟೈಲ್ಸ್ ನೆಲದ ಮೇಲೆ ಬೆಳೆದು ಬಂದ ಪಗ್‌ಗೆ ಹುತ್ತವೂ ಹೊಸದು, ಕಡಜವೂ ಹೊಸದು. ಅದರ ಪರವಾಗಿ ನಾವೇ ಅಂಗಳವನ್ನು ಒಮ್ಮೆ ನೋಡಬೇಕು.

ಒಂದೇ ಒಂದು ಕುಟುಕಿಗೆ ಗಾಬರಿ ಬೇಡ. ಹೆಚ್ಚಿನ ನಾಯಿಗಳು ಅರ್ಧ ದಿನ ಮೂತಿ ಊದಿಸಿಕೊಂಡು, ಕಾಲು ನೆಕ್ಕಿಕೊಂಡು ಸರಿಹೋಗುತ್ತವೆ. ಸಂಖ್ಯೆ ಏರಿದಾಗ ಮಾತು ಬೇರೆ. ಜೇನಿನ ವಿಷ ಜೀವಕ್ಕೆ ಮುಟ್ಟುವ ಪ್ರಮಾಣಕ್ಕೆ ಪಶುವೈದ್ಯ ಗ್ರಂಥಗಳು ಕೊಡುವ ಸ್ಥೂಲ ಅಂದಾಜು, ಒಂದು ಕಿಲೋ ತೂಕಕ್ಕೆ ಸುಮಾರು 20 ಕುಟುಕು. 60 ಕಿಲೋದ ಮನುಷ್ಯನಿಗೆ ಅದು ಸಾವಿರ ದಾಟುತ್ತದೆ. 3 ಕಿಲೋದ ಪೊಮೆರೇನಿಯನ್‌ಗೆ ಬರೀ 60. ಹೆಜ್ಜೇನು ಎದ್ದರೆ ಅಷ್ಟು ಕುಟುಕಿಗೆ ಒಂದೆರಡು ನಿಮಿಷ ಸಾಕು. ಇನ್ನು ಅಲರ್ಜಿ ಇರುವ ನಾಯಿಗೆ ಯಾವ ಅಂದಾಜೂ ಅನ್ವಯಿಸುವುದಿಲ್ಲ, ಒಂದೇ ಕುಟುಕು ನೆಲಕ್ಕೆ ಕೆಡವಬಹುದು. ಹೋದ ಸಲ ಏನೂ ಆಗಲಿಲ್ಲ ಎನ್ನುವುದನ್ನು ನಂಬಿ ಕೂರುವಂತೆಯೂ ಇಲ್ಲ. ಮೊದಲ ಕುಟುಕಿನಲ್ಲಿ ದೇಹ ಆ ವಿಷವನ್ನು ಗುರುತು ಹಿಡಿದಿಟ್ಟುಕೊಳ್ಳುತ್ತದೆ, ಅಲರ್ಜಿ ಕೆರಳುವುದು ಎರಡನೆಯದಕ್ಕೋ ಆಮೇಲಿನದಕ್ಕೋ.

ಮಲೆನಾಡಿನ ಅಂಗಳದಲ್ಲಿ ಯಾರು ಯಾರು ಕುಟುಕುತ್ತಾರೆ ಎಂದು ಮನೆಯವರಿಗೆ ಗೊತ್ತಿರುತ್ತದೆ. ನಾಯಿಯ ಕಡೆಯಿಂದ ನೋಡಿದಾಗ ಅದೇ ಪಟ್ಟಿ ಸ್ವಲ್ಪ ಬೇರೆ ಕಾಣುತ್ತದೆ. ಮಿಸರಿ ಜೇನಿಗೆ ಕುಟುಕುವ ಮುಳ್ಳೇ ಇಲ್ಲ, ಅದನ್ನು ಮರೆತುಬಿಡಿ. ಪೊದೆಯಲ್ಲಿ ಒಂದೇ ಎರಿ ಕಟ್ಟುವ ಕೋಲು ಜೇನು ಕೆಣಕಿದರಷ್ಟೇ ಮೇಲೆ ಬೀಳುತ್ತದೆ. ತುಡುವೆ ಜೇನು ಮರದ ಪೊಟರೆಯಲ್ಲಿ, ಹುತ್ತದ ಒಳಗೆ ಇರುವುದರಿಂದ ಮಣ್ಣು ಕೆರೆಯುವ ಚಟದ ಡ್ಯಾಶ್‌ಹಂಡ್‌ಗೆ ಅದರ ಭಯವೇ ಹೆಚ್ಚು. ಮನೆಯಲ್ಲೇ ತುಡುವೆ ಪೆಟ್ಟಿಗೆ ಇಟ್ಟವರು ಅದರ ಬಾಯಿ ಯಾವ ಕಡೆಗಿದೆ ನೋಡಿ. ಹುಳುಗಳು ಹೊರಟು ಬರುವ ದಾರಿಗೆ ಅಡ್ಡಲಾಗಿ ನಾಯಿ ಬಿಸಿಲು ಕಾಯಿಸುತ್ತ ಮಲಗಿದರೆ ಕಾವಲಿನ ನೊಣಗಳು ಸುಮ್ಮನಿರುವುದಿಲ್ಲ. ಪೆಟ್ಟಿಗೆಯ ಎದುರು ಎದೆಯೆತ್ತರದ ದಾಸವಾಳದ ಬೇಲಿ ಇದ್ದರೆ ನೊಣಗಳು ಅದನ್ನು ದಾಟಲು ಮೇಲೇರಿ ಹಾರುತ್ತವೆ, ಕೆಳಗೆ ನಾಯಿಗೆ ದಾರಿ ಸಿಗುತ್ತದೆ. ಪೆಟ್ಟಿಗೆ ಬಿಚ್ಚುವ ದಿನ ಮಾತ್ರ ನಾಯಿ ಮನೆಯೊಳಗೇ ಇರಬೇಕು.

ಕಡಜದ ಮುಳ್ಳು ನಯ. ಜೇನಿನ ಮುಳ್ಳಿನ ಹಾಗೆ ಚರ್ಮದಲ್ಲಿ ಸಿಕ್ಕಿ ಉಳಿಯುವುದಿಲ್ಲ, ಒಂದೇ ಹುಳು ಮೇಲಿಂದ ಮೇಲೆ ಕುಟುಕಬಲ್ಲದು. ಕಿಟಕಿಯ ಚೌಕಟ್ಟಿಗೆ, ಪಕಾಸಿಗೆ, ಸಜ್ಜದ ಅಡಿಗೆ ಕಾಗದದಂಥ ಸಣ್ಣ ಗೂಡು ನೇತುಹಾಕುವ ಕೆಂಗಂದು ಕಣಜವನ್ನು ನೀವೆಲ್ಲ ಕಂಡಿರುತ್ತೀರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಅಭ್ಯಾಸ ಮಾಡಿದ ರೋಪಲಿಡಿಯಾ ಮಾರ್ಜಿನೇಟಾ ಈ ಬಗೆಯದು. ಅದರ ಸಮಾಜದ ಬಗ್ಗೆ ಅವರು 2001ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ತಂದರು. ನಮ್ಮ ಕೆಲಸಕ್ಕೆ ಬೇಕಾದ ವಿಷಯ ಇಷ್ಟು: ಈ ಕಣಜ ಗೂಡು ಹೂಡಲು ಇಂಥದೇ ಕಾಲ ಎಂದು ಕಾಯುವುದಿಲ್ಲ, ವರ್ಷವಿಡೀ ಹೊಸ ಗೂಡು ಏಳಬಹುದು. ಆದ್ದರಿಂದ ವಾರಕ್ಕೊಮ್ಮೆ ಮಾಡಿನ ಅಂಚಿನತ್ತ ಕತ್ತೆತ್ತಿ ನೋಡುವ ರೂಢಿ ಒಳ್ಳೆಯದು. ನಾಲ್ಕಾರು ಕೋಣೆಯ ಗೂಡಿನಲ್ಲಿ ಒಂದೆರಡು ಹುಳು ಇದ್ದಾಗಲೇ, ನಾಯಿಯನ್ನು ಒಳಗೆ ಕೂಡಿ, ಮುಸ್ಸಂಜೆಗೆ ಉದ್ದ ಕೋಲಿನಿಂದ ಕೆಡವಿದರೆ ಮುಗಿಯಿತು. ದೊಡ್ಡ ಕಡಜೀರಿಗೆ ಗೂಡಿಗೆ ಮಾತ್ರ ನೀವಾಗಿ ಕೈಹಾಕಬೇಡಿ. ಅದನ್ನು ತೆಗೆಯಬಲ್ಲವರನ್ನೇ ಕರೆಯಿರಿ.

ಇರುವೆಗಳ ವಿಷಯ ಬೇಗ ಹೇಳಿಬಿಡುತ್ತೇನೆ. ಚಗಳಿ ಕಚ್ಚಿ ಹುಳಿ ಚಿಮ್ಮಿಸುತ್ತದೆ, ಕಣ್ಣಿಗೆ ಬಿದ್ದರೆ ನಾಯಿ ಒದ್ದಾಡುತ್ತದೆ, ನೀರು ಹಾಕಿ ತೊಳೆದರೆ ಶಮನವಾಗುತ್ತದೆ. ಕುಟುಕುವ ಕೆಂಪಿರುವೆಯ ಸಾಲು ಕಣ್ಣು ಬಿಡದ ಮರಿಗಳಿದ್ದ ಗೋಣಿಗೆ ಹತ್ತಿದರೆ ಅದು ದೊಡ್ಡ ಅನಾಹುತ. ಮರಿಗಳನ್ನು ನೆಲದ ಮೇಲೆ ಮಲಗಿಸಬೇಡಿ. ಅನ್ನದ ತಟ್ಟೆಯನ್ನು ನೀರು ತುಂಬಿದ ಅಗಲ ತಟ್ಟೆಯೊಳಗಿಡಿ, ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿಗೆ ಮಾಡುವ ಉಪಾಯವೇ.

ಇನ್ನು ನೀರಿನ ಬಟ್ಟಲು. ಮಾರ್ಚ್, ಏಪ್ರಿಲ್‌ನಲ್ಲಿ ನನಗೆ ಬರುವ ಮೂತಿ ಊದಿದ ನಾಯಿಗಳ ಮನೆಯವರನ್ನು ಮೊದಲು ಕೇಳುವುದೇ ಅದನ್ನು: ಕುಡಿಯುವ ನೀರು ಎಲ್ಲಿಡುತ್ತೀರಿ? ಸೆಕೆಗಾಲದಲ್ಲಿ ಜೇನುಗಳು ಗೂಡನ್ನು ತಂಪಾಗಿಡಲು ನೀರು ಹೊರುತ್ತವೆ. ಅಂಗಳದಲ್ಲಿಟ್ಟ ಬಟ್ಟಲಿನ ಅಂಚು ಅವಕ್ಕೆ ಕೂರಲು ಹೇಳಿ ಮಾಡಿಸಿದ ಜಾಗ. ನಾಯಿ ಬಾಯಾರಿ ಬಂದು ನಾಲಿಗೆ ಚಾಚುತ್ತದೆ, ಅಂಚಿನಲ್ಲಿದ್ದ ನೊಣ ನಾಲಿಗೆಗೆ ಕುಟುಕುತ್ತದೆ. ಬಾಯೊಳಗಿನ ಕುಟುಕು ಚಿಕ್ಕ ಮೂತಿಯ ಪಗ್, ಶಿಟ್ಸುಗಳಿಗೆ ಅಪಾಯ. ಅವಕ್ಕೆ ಉಸಿರಿನ ದಾರಿ ಮೊದಲೇ ಇಕ್ಕಟ್ಟು, ನಾಲಿಗೆಯೋ ಗಂಟಲೋ ಊದಿದರೆ ಗಾಳಿಗೆ ಜಾಗವಿರುವುದಿಲ್ಲ. ಕುಡಿಯುವ ಬಟ್ಟಲನ್ನು ಜಗುಲಿಯ ಒಳಗಡೆಗೆ ತನ್ನಿ. ಜೊತೆಗೆ ಹಿತ್ತಿಲ ಆ ತುದಿಯಲ್ಲಿ, ಕಲ್ಲು ಮರಿಗೆಯೋ ಮಣ್ಣಿನ ತಟ್ಟೆಯೋ ಇಟ್ಟು, ಬೆಣಚುಕಲ್ಲು ಹರಡಿ, ನೀರು ತುಂಬಿಸಿ. ದಿನಾ ತಪ್ಪದೆ ತುಂಬಿಸಿದರೆ ಜೇನುಗಳು ಅಲ್ಲಿಗೇ ಹೋಗುವುದನ್ನು ರೂಢಿ ಮಾಡಿಕೊಳ್ಳುತ್ತವೆ. ಸೋರುವ ನಲ್ಲಿಯನ್ನು ರಿಪೇರಿ ಮಾಡಿಸುವುದೂ ಇದೇ ಕೆಲಸದ ಭಾಗ.

ಎರಡನೆಯದು ಜಗುಲಿಯ ದೀಪ. ಹೆಜ್ಜೇನುಗಳು ಬೆಳದಿಂಗಳಿನಲ್ಲೂ ಹಾರಾಡುವಂಥವು. ಮನೆ ಹತ್ತಿರದ ಮರದಲ್ಲಿ ಹುಟ್ಟು ಕಟ್ಟಿದ್ದರೆ ರಾತ್ರಿ ಟ್ಯೂಬ್‌ಲೈಟಿಗೆ ಬಂದು ಸುತ್ತುತ್ತವೆ, ಸುಸ್ತಾಗಿ ನೆಲಕ್ಕೆ ಬೀಳುತ್ತವೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೆ ಹೊರಗೆ ಓಡುವ ನಾಯಿಗೆ ತೆವಳುತ್ತಿರುವ ಆ ನೊಣಗಳು ಆಟದ ಸಾಮಾನು. ಸತ್ತ ನೊಣದ ಮುಳ್ಳು ಕೂಡ ಪಾದಕ್ಕೆ ಚುಚ್ಚಿದರೆ ವಿಷ ಇಳಿಸುತ್ತದೆ. ಹುಟ್ಟು ಇರುವ ತಿಂಗಳುಗಳಲ್ಲಿ ಹೊರಗಿನ ದೀಪ ಬೇಗ ಆರಿಸಿ, ನಾಯಿಯನ್ನು ಬಿಡುವ ಮೊದಲು ಜಗುಲಿಯನ್ನು ಒಮ್ಮೆ ಗುಡಿಸಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಜ್ಜದ ಕೆಳಗೆ ಹೆಜ್ಜೇನು ಕಟ್ಟಿದಾಗ ಬಾಲ್ಕನಿಯ ಕತೆಯೂ ಇದೇ.

ಮಾವು, ಪೇರಲೆ, ಗೇರು, ಹಲಸು ಯಾವುದೇ ಇರಲಿ, ಬಿದ್ದ ಹಣ್ಣನ್ನು ಅಂದಂದೇ ಹೆಕ್ಕಿ. ಕೊಳೆತ ಹಣ್ಣಿಗೆ ಕಡಜ ಮುತ್ತುತ್ತದೆ, ಹಲಸಿನ ಸೊಳೆಗೆ ನಾಯಿಯೂ ಬರುತ್ತದೆ.

ಆದರೆ ಇವೆಲ್ಲಕ್ಕಿಂತ ಮುಖ್ಯವಾಗಿ ನಾನು ಹೇಳಬೇಕಾದ್ದು ಸರಪಳಿಯ ಬಗ್ಗೆ. ಹೆಜ್ಜೇನಿನ ದಾಳಿಯಲ್ಲಿ ನನ್ನ ಕೈಯಲ್ಲಿ ಜೀವ ಬಿಟ್ಟ ನಾಯಿಗಳಲ್ಲಿ ಹೆಚ್ಚಿನವು ಕಟ್ಟಿಹಾಕಿದ್ದವು, ಇಲ್ಲವೇ ಬೋನಿನಲ್ಲಿದ್ದವು. ನೆರಳಿರಲಿ ಎಂದು ಮರದ ಬುಡಕ್ಕೆ ಕಟ್ಟಿರುತ್ತಾರೆ, ಪ್ರೀತಿಯಿಂದಲೇ. ಮೇಲೆ ಜೇನುಗಿಡುಗ ಬಂದು ಎರಿಗೆ ಎರಗುತ್ತದೆ, ಅಥವಾ ಪಕ್ಕದ ತೋಟದಲ್ಲಿ ಯಾರೋ ಹಾಕಿದ ಬೆಂಕಿಯ ಹೊಗೆ ಏರುತ್ತದೆ. ಜೇನು ಎದ್ದಾಗ ಮನುಷ್ಯರು ಒಳಗೆ ಓಡುತ್ತಾರೆ. ನಾಯಿ ಎರಡು ಮಾರು ಸರಪಳಿಯಲ್ಲಿ ಸುತ್ತುತ್ತಲೇ ಇರುತ್ತದೆ. ಒಂದು ನೊಣ ಕುಟುಕಿದ ಜಾಗದಿಂದ ಬಾಳೆಹಣ್ಣಿನಂಥ ವಾಸನೆಯ ಒಂದು ವಸ್ತು ಹೊರಬೀಳುತ್ತದೆ, ಅದರ ಹೆಸರು ಐಸೊಅಮೈಲ್ ಅಸಿಟೇಟ್. ಉಳಿದ ನೊಣಗಳಿಗೆ ಅದೇ ಗುರುತು, ಅವು ಅಲ್ಲಿಗೇ ಬಂದು ಎರಗುತ್ತವೆ. ಓಡಲಾಗದ ಪ್ರಾಣಿಯ ಮೇಲೆ ಹೀಗೆ ಕುಟುಕಿನ ಮೇಲೆ ಕುಟುಕು ಬೀಳುತ್ತದೆ. ಒಮ್ಮೆ ನೋಡಿದರೆ ಮತ್ತೆ ಯಾವ ನಾಯಿಯನ್ನೂ ಮರಕ್ಕೆ ಕಟ್ಟಲು ಮನಸ್ಸಾಗುವುದಿಲ್ಲ.

ಅಂಗಳವನ್ನೇ ಭದ್ರ ಮಾಡಿ, ನಾಯಿಯನ್ನು ಬಿಚ್ಚಿಬಿಡಿ. ಪಾಗಾರ ಇದ್ದರೆ ಅರ್ಧ ಕೆಲಸ ಮುಗಿದಂತೆ. ದಣಪೆಯ ಕೆಳಗಿನ ಸಂದಿಗೆ ತಂತಿ ಬಲೆ ಬಿಗಿದರೆ ಸಣ್ಣ ನಾಯಿ ನುಸುಳಿ ರಸ್ತೆಗೆ ಹೋಗುವುದಿಲ್ಲ. ಮನೆಯ ಒಂದು ಬಾಗಿಲು ಅದಕ್ಕೆ ಸದಾ ತೆರೆದಿರಲಿ. ಬಾಗಿಲು ತೆರೆದಿಡಲು ಆಗದ ಮನೆಗಳಲ್ಲಿ ಬಡಗಿಯಿಂದ ಹಿತ್ತಿಲ ಬಾಗಿಲಿನ ಕೆಳಗೆ ಒಂದು ಕಿಂಡಿ ಕೊರೆಸಿ, ದಪ್ಪ ರಬ್ಬರ್ ಶೀಟಿನ ಪರದೆ ಹೊಡೆಸಿ ಎಂದು ಹೇಳುತ್ತೇನೆ. ನಮ್ಮ ಕಡೆ ಕೆಲವರು ಹಾಗೆ ಮಾಡಿಸಿದ್ದಾರೆ. ನಾಯಿಗೆ ಆ ಕಿಂಡಿ ದಾಟುವುದನ್ನು ತಿಂಡಿ ತೋರಿಸಿ ಕಲಿಸಿದರೆ ಬೇಗ ಕಲಿಯುತ್ತದೆ. ಕಟ್ಟಲೇಬೇಕಾದ ಹೊತ್ತಿನಲ್ಲಿ ಬಾಗಿಲ ಪಕ್ಕ ಕಟ್ಟಿ, ಯಾರಾದರೂ ಕಣ್ಣಳತೆಯಲ್ಲಿರಿ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಕ್ಲಿಪ್ ಇರುವ ಪಟ್ಟಿ ಹಾಕಿ.

ಹುಟ್ಟಿಗೆ ಬೆಂಕಿ ಇಡಿಸುವುದು ಪರಿಹಾರ ಎಂದು ನಾನು ಒಪ್ಪುವುದಿಲ್ಲ. ಬಯಲುಸೀಮೆ, ಅರೆಮಲೆನಾಡಿನ ಕಡೆ ಹೆಜ್ಜೇನು ಮಳೆಗಾಲ ಕಳೆದ ಮೇಲೆ ಬಂದು, ಹೂವಿನ ಕಾಲ ಮುಗಿಸಿ, ಮುಂದಿನ ಮಳೆಗೆ ಮೊದಲು ತಾನಾಗಿ ಹೊರಡುವ ವಲಸಿಗ. ಕಾಫಿ ಹೂವಿಗೂ ಕಾಡಿನ ಮರಗಳಿಗೂ ಅದು ಬೇಕು. ಜನ ಓಡಾಡುವ ಜಾಗಕ್ಕೆ ತೀರ ಹತ್ತಿರ ಕಟ್ಟಿದ್ದರೆ ಜೇನು ಬಿಡಿಸುವ ಅನುಭವಸ್ಥರನ್ನು ಕರೆಸಿ. ಅಂಗಳಕ್ಕೆಲ್ಲ ಕೀಟನಾಶಕ ಹೊಡೆಯುವುದಂತೂ ನಾಯಿಗೆ ಜೇನಿಗಿಂತ ಕೆಟ್ಟದ್ದು. ನೆಲ ನೆಕ್ಕುವ, ಪಾದ ನೆಕ್ಕುವ ಪ್ರಾಣಿ ಅದು.

ಜೇನು ಎದ್ದೇಬಿಟ್ಟರೆ ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಒಳಗೆ ಓಡಿ, ಬಾಗಿಲು ಕಿಟಕಿ ಮುಚ್ಚಿ. ಕೈ ಬೀಸುವುದು, ಟವೆಲಿನಿಂದ ಹೊಡೆಯುವುದು ಬೇಡ. ಉದ್ದ ಕೂದಲಿನ ನಾಯಿಯ ಮೈಯಲ್ಲಿ ಸಿಕ್ಕಿಕೊಂಡ ನೊಣಗಳು ಒಳಗೆ ಬಂದ ಮೇಲೂ ಕುಟುಕುತ್ತಿರುತ್ತವೆ. ಬಾಚಣಿಗೆಯಿಂದ ಬಾಚಿ ಬಕೆಟ್ ನೀರಿಗೆ ಕೆಡವಿ.

ಆಮೇಲೆ ಮುಳ್ಳು ತೆಗೆಯುವುದು. ಟಾರ್ಚ್ ಹಿಡಿದು ಕೂದಲು ಬಿಡಿಸಿ ನೋಡಿ. ಸೂಜಿಮೊನೆಯಷ್ಟು ಕಪ್ಪು ಚುಕ್ಕೆ, ಅದರ ತುದಿಗೆ ಮಾಸಲು ಬಿಳಿಯ ಪುಟ್ಟ ಚೀಲ. ದಿಟ್ಟಿಸಿದರೆ ಆ ಚೀಲ ನೊಣ ಹಾರಿಹೋದ ಮೇಲೂ ಮಿಡಿಯುತ್ತಿರುವುದು ಕಾಣುತ್ತದೆ, ವಿಷ ಇನ್ನೂ ಇಳಿಯುತ್ತಿದೆ ಎಂದರ್ಥ. ಚಿಮುಟದಲ್ಲಿ ಹಿಡಿದರೆ ಚೀಲ ಹಿಂಡಿ ವಿಷ ಒಳಹೋಗುತ್ತದೆ, ಕಾರ್ಡಿನಿಂದಲೇ ಕೆರೆಯಬೇಕು ಎನ್ನುವ ಸಲಹೆ ಬಹಳ ಕಾಲದಿಂದ ಓಡಾಡುತ್ತಿದೆ. ಕ್ಯಾಲಿಫೋರ್ನಿಯಾದ ಕೀಟಶಾಸ್ತ್ರಜ್ಞ ಕಿರ್ಕ್ ವಿಷರ್ ಮತ್ತು ಸಂಗಡಿಗರು ತಮ್ಮ ತೋಳಿಗೇ ಕುಟುಕಿಸಿಕೊಂಡು ಬಾವು ಅಳೆದು, 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಕೆರೆದರೂ ಕಿತ್ತರೂ ವ್ಯತ್ಯಾಸವಿಲ್ಲ, ತಡವಾದಷ್ಟೂ ಬಾವು ದೊಡ್ಡದು. ವಿಷದ ಬಹುಪಾಲು ಮೊದಲ ಅರ್ಧ ನಿಮಿಷದೊಳಗೆ ಇಳಿದುಬಿಡುತ್ತದೆ. ಕಾರ್ಡು ಹುಡುಕುತ್ತ ಕೂರದೆ ಉಗುರಿನಲ್ಲೇ ಕಿತ್ತು ಎಸೆಯಿರಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಒತ್ತಿ ಹಿಡಿಯಿರಿ. ಕತ್ತಿನ ಪಟ್ಟಿ ಬಿಚ್ಚಿ, ಬಾವು ಕೆಳಗಿಳಿದರೆ ಪಟ್ಟಿಯೇ ಉರುಳಾಗುತ್ತದೆ.

ಸುಣ್ಣ ಹಚ್ಚಬೇಡಿ. ಮನುಷ್ಯರಿಗೆ ಹಚ್ಚುವ ರೂಢಿ ನಮ್ಮಲ್ಲಿದೆ, ನಾಯಿ ಅದನ್ನು ನೆಕ್ಕಿ ಬಾಯಿ ಸುಟ್ಟುಕೊಳ್ಳುತ್ತದೆ. ಈರುಳ್ಳಿ ತಿಕ್ಕುವುದೂ ಬೇಡ, ಅದು ಹೊಟ್ಟೆಗೆ ಹೋದರೆ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಸೀಮೆಎಣ್ಣೆ, ಸೊಳ್ಳೆಗೆ ಹಚ್ಚಿಕೊಳ್ಳುವ ಮುಲಾಮು ಯಾವುದನ್ನೂ ನಾಯಿಯ ಮೈಗೆ ಹಚ್ಚಬಾರದು. ಮನೆಯಲ್ಲಿರುವ ನೋವಿನ ಮಾತ್ರೆಗಳು, ಪ್ಯಾರಾಸಿಟಮಾಲ್ ಆಗಲಿ ಐಬುಪ್ರೊಫೆನ್ ಆಗಲಿ, ಪುಟ್ಟ ನಾಯಿಗೆ ವಿಷವೇ.

ಒಂದು ಪ್ರಕರಣ ಹೇಳುತ್ತೇನೆ, ಏಕೆಂದರೆ ನಾಯಿಯ ದೇಹ ಅಲರ್ಜಿಯನ್ನು ತೋರಿಸುವ ರೀತಿ ನಮ್ಮದಕ್ಕಿಂತ ಬೇರೆ. ಹಳ್ಳಿಯಿಂದ ಒಬ್ಬರು ಬಿಳಿ ಪೊಮೆರೇನಿಯನ್ ಒಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. "ಡಾಕ್ಟ್ರೇ, ಬೆಳಿಗ್ಗೆ ದೋಸೆ ತಿಂದಿತ್ತು, ಅದು ಜೀರ್ಣ ಆಗ್ಲಿಲ್ಲ ಕಾಣ್ತದೆ. ಎರಡು ಸಲ ವಾಂತಿ, ಆಮೇಲೆ ನೀರು ನೀರು ಭೇದಿ, ಈಗ ನಿಲ್ಲಕ್ಕೇ ಆಗ್ತಿಲ್ಲ" ಎಂದರು. ಮುಖದಲ್ಲಿ ಬಾವೇ ಇರಲಿಲ್ಲ. ತುಟಿ ಎತ್ತಿ ನೋಡಿದೆ, ವಸಡು ಸುಣ್ಣದಷ್ಟು ಬಿಳುಚಿತ್ತು. ಬೆರಳಿನಿಂದ ಒತ್ತಿ ಬಿಟ್ಟರೆ ಬಣ್ಣ ಮರಳಲಿಲ್ಲ. "ಅಂಗಳದಲ್ಲಿ ಏನಾದ್ರೂ ಕಚ್ಚಿತ್ತಾ?" ಎಂದು ಕೇಳಿದಾಗ "ಒಂದ್ಸಲ ಕುಂಯ್ ಅಂದಿತ್ತು ಅಷ್ಟೆ" ಎಂದರು. ಮುಂಗಾಲಿನ ಬೆರಳ ಸಂದಿಯಲ್ಲಿ ಮುಳ್ಳು ಸಿಕ್ಕಿತು. ಅಡ್ರಿನಲಿನ್ ಕೊಟ್ಟು, ಡ್ರಿಪ್ ಏರಿಸಿ, ರಾತ್ರಿಯವರೆಗೆ ಅಲ್ಲೇ ಇಟ್ಟುಕೊಂಡೆ. ಬದುಕಿತು.

ತೀವ್ರ ಅಲರ್ಜಿಯಲ್ಲಿ ನಾಯಿಯ ಯಕೃತ್ತು ಮತ್ತು ಕರುಳಿಗೆ ಪೆಟ್ಟು ಮೊದಲು ಬೀಳುತ್ತದೆ. ಯಕೃತ್ತಿನಿಂದ ರಕ್ತ ಹೊರಹೋಗುವ ನಾಳಗಳು ಬಿಗಿದುಕೊಂಡು ರಕ್ತ ಅಲ್ಲೇ ನಿಂತುಬಿಡುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹಾಗಾಗಿ ಮುಖ ಊದದೆಯೂ, ಕೆಲವೇ ನಿಮಿಷಗಳಲ್ಲಿ ವಾಂತಿ, ಭೇದಿ, ಒಮ್ಮೊಮ್ಮೆ ರಕ್ತಭೇದಿ, ಕುಸಿತ ಕಾಣಬಹುದು. ಇಂಥದ್ದು ಕಂಡರೆ ಐಸು ಹಿಡಿಯುತ್ತ ಕೂರದೆ ಹೊರಟುಬಿಡಿ. ವಸಡು ನೋಡುವುದನ್ನು ಎಲ್ಲರೂ ಕಲಿಯಬಹುದು. ನಾಯಿ ಚೆನ್ನಾಗಿದ್ದಾಗಲೇ ಒಮ್ಮೆ ತುಟಿ ಎತ್ತಿ ಒತ್ತಿ ನೋಡಿ: ಒತ್ತಿದ ಜಾಗ ಬಿಳಿಯಾಗಿ, ಎರಡು ಸೆಕೆಂಡಿನೊಳಗೆ ಗುಲಾಬಿಗೆ ಮರಳಬೇಕು. ವಸಡೇ ಕಪ್ಪಗಿರುವ ನಾಯಿಗಳಲ್ಲಿ ಕೆಳ ರೆಪ್ಪೆಯನ್ನು ಎಳೆದು ಒಳಬಣ್ಣ ನೋಡಿ. ಅದರ ಆರೋಗ್ಯದ ಬಣ್ಣ ನಿಮಗೆ ಪರಿಚಯವಿದ್ದರೆ ಕೆಟ್ಟ ಗಳಿಗೆಯಲ್ಲಿ ಅನುಮಾನವೇ ಬರುವುದಿಲ್ಲ.

ಚಿಕಿತ್ಸೆ ಆಗಿ ಚೇತರಿಸಿಕೊಂಡ ನಾಯಿಯಲ್ಲೂ ಕೆಲವು ತಾಸಿನ ಮೇಲೆ ಲಕ್ಷಣ ಮರುಕಳಿಸಬಹುದು, ಒಂದು ದಿನ ಕಣ್ಣಿಟ್ಟಿರಿ. ಹತ್ತಾರು ಕುಟುಕು ಬಿದ್ದಿದ್ದರೆ ಇನ್ನೂ ಮೂರು ದಿನ ಮೂತ್ರದ ಬಣ್ಣ ಗಮನಿಸಬೇಕು. ಜೇನಿನ ವಿಷದ ಅರ್ಧದಷ್ಟಿರುವ ಮೆಲಿಟಿನ್ ಎಂಬ ವಸ್ತು ರಕ್ತಕಣಗಳ ಪೊರೆಯನ್ನೇ ಹರಿಯುತ್ತದೆ. ಒಡೆದ ಕಣಗಳ ಕೆಂಪು ಮೂತ್ರಪಿಂಡದ ಮೂಲಕ ಹೊರಬರುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡ ಸಂಕಷ್ಟದಲ್ಲಿದೆ. ಹೊರಗೆ ಆರಾಮಾಗಿ ಕಾಣುವ ನಾಯಿ ಎರಡನೇ ದಿನ ಹೀಗೆ ಜಾರುವುದನ್ನು ನಾನು ಕಂಡಿದ್ದೇನೆ.

ನನ್ನ ಹತ್ತಿರ ಬರುವ ಎಷ್ಟೋ ಮನೆಗಳು ಶರಾವತಿ ಹಿನ್ನೀರಿನ ಆಚೆ ಇವೆ. 2025ರಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಗುವವರೆಗೆ ಅವರು ಲಾಂಚ್ ಕಾಯಬೇಕಿತ್ತು. ಈಗ ದಾರಿ ಚಿಕ್ಕದಾಗಿದೆ, ಆದರೂ ಕೆಲವು ಮನೆಗಳಿಗೆ ಮುಖ್ಯರಸ್ತೆ ಮುಟ್ಟುವುದೇ ಅರ್ಧ ತಾಸು. ಅಂಥವರು ಲಸಿಕೆಗೆ ಬಂದಾಗಲೇ ನಾನು ನಾಯಿಯನ್ನು ತೂಗಿ, ಅದರ ತೂಕಕ್ಕೆ ತಕ್ಕ ಅಲರ್ಜಿ ಮಾತ್ರೆಯ ಹೆಸರು, ಪ್ರಮಾಣ ಬರೆದುಕೊಡುತ್ತೇನೆ. ನಿಮ್ಮ ವೈದ್ಯರಿಂದ ನೀವೂ ಬರೆಸಿಕೊಳ್ಳಿ. ಅಂಗಡಿಯಲ್ಲಿ ಸಿಗುವ ನೆಗಡಿ ಸಿರಪ್‌ಗಳನ್ನು ನೀವಾಗಿ ಕೊಡಬೇಡಿ, ಅವುಗಳಲ್ಲಿ ಮೂಗು ಕಟ್ಟಿದ್ದಕ್ಕೆ ಸೇರಿಸುವ ಔಷಧವೂ ಕೆಲವು ಸಕ್ಕರೆರಹಿತ ಸಿಹಿಕಾರಕವೂ ನಾಯಿಗೆ ಆಗುವುದಿಲ್ಲ. ವಾಂತಿ ಮಾಡುತ್ತಿರುವ, ತೂರಾಡುತ್ತಿರುವ ನಾಯಿಯ ಬಾಯಿಗೆ ಏನನ್ನೂ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಆ ಚೀಟಿಯ ಹಿಂಬದಿಗೆ ಎರಡು ಫೋನ್ ನಂಬರ್ ಇರಲಿ: ಹಗಲಲ್ಲಿ ಸಿಗುವ ವೈದ್ಯರದ್ದು, ರಾತ್ರಿ ಗಾಡಿ ತರಬಲ್ಲ ನೆರೆಯವರದ್ದು. ಹೊರಡುವ ಮೊದಲು ಫೋನ್ ಮಾಡಿ ತೂಕ ಹೇಳಿದರೆ, ನೀವು ಬಂದು ಮುಟ್ಟುವಷ್ಟರಲ್ಲಿ ಸಿರಿಂಜಿನಲ್ಲಿ ಔಷಧ ತುಂಬಿ ಇಟ್ಟಿರುತ್ತೇವೆ.